ನಂಗೂ ಒಂದು ಕಾಯಿಲೆ ಕೊಡಪ್ಪ

ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕಾದರೆ ಇಲ್ಲಿ ಕಲಿತದ್ದು, ಇಲ್ಲಿ ದುಡಿದದ್ದು ಸಾಲದು. ಅವರ ಪರೀಕ್ಷೆಗಳನ್ನು ಪಾಸು ಮಾಡಿ ಅವರ ಲೈಸೆನ್ಸ್ ಪಡೆಯಬೇಕು. ಮೊದಲು ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಓದು, ಬರಹ ಹೇಗೋ ನಡೆಯುತ್ತಿತ್ತು. ನನ್ನನ್ನು ಕಾಡಿದ್ದು ಮಾತು. ಪರೀಕ್ಷೆಯಲ್ಲಿ ಒಬ್ಬರು ರೋಗಿಯಂತೆ ನಟಿಸುತ್ತಾರೆ. ನಾವು ಅವರ ಕಷ್ಟ ಕೇಳಿ, ಸಮಾಧಾನ ಹೇಳಿ, ಚಿಕಿತ್ಸೆಗೆ ಒಪ್ಪಿಸಬೇಕು.

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಹಿಂದಿನ ಹಳ್ಳಿಯೊಂದರಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಹುಟ್ಟಿದ್ದು ಕೊಪ್ಪಳದ ಕಡೆ. ಕೆಲಸ ಹತ್ತಿರದ ಆಸ್ಪತ್ರೆಯಲ್ಲಿ. ಅಲ್ಲಿ ಗಂಡು ನರ್ಸುಗಳನ್ನು ಬ್ರದರ್ ಅನ್ನುತ್ತಾರೆ. ಅಭ್ಯಾಸಕ್ಕೊಬ್ಬ ರೋಗಿ ಬೇಕಿತ್ತು. ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗುತ್ತಿದ್ದ ರೂಮ್‌ಮೇಟ್ ಒಂದು ದಿನ ಚಾಪೆ ಮೇಲೆ ರೋಗಿಯಾಗಿ ಮಲಗಿದ. ನಾನು ನನ್ನ ಪರಿಚಯ ಹೇಳಿ ಮುಗಿಸುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಆಮೇಲೆ ತಲೆದಿಂಬಿಗೇ ಸಮಾಧಾನ ಹೇಳತೊಡಗಿದೆ.

ಒಂದು ಬೆಳಿಗ್ಗೆ ಓನರ್ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಕೆಳಗಿನ ಮನೆ ಅವರದು. ಅರವತ್ತು ದಾಟಿದ ಹೆಂಗಸು, ಆ ಹಳ್ಳಿಗೇ ಸೊಸೆಯಾಗಿ ಬಂದವರು.

"ಏನ್ ಬ್ರದರು, ಯಾರ ಜೊತೆ ಇಂಗ್ಲೀಸ್ನಾಗೆ ಜಗಳ?"

"ಜಗಳ ಅಲ್ರೀ ಅಮ್ಮಾರ. ಪರೀಕ್ಷಾಕ್ಕ ಒಬ್ಬ ಪೇಷಂಟ್ ಬೇಕಾಗ್ಯಾನ."

"ಅಷ್ಟೇನಾ? ನಾನಾಯ್ತೀನಿ ಬಿಡು."

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನಿದ್ದೆ ಮಾಡುವವನಿಗಿಂತ ವಾಸಿ ಎಂದು ಒಪ್ಪಿಕೊಂಡೆ. ಬಿಪಿ ಮಾತ್ರೆ ನಿಲ್ಲಿಸಿಬಿಟ್ಟ ಹೆಂಗಸಿನ ಪಾತ್ರ ಕೊಟ್ಟೆ. ಕೋಚಿಂಗ್ ಕ್ಲಾಸಿನಲ್ಲಿ ಕಲಿಸಿದಂತೆ ದನಿ ಮೆತ್ತಗೆ ಮಾಡಿ, "ಐ ಅಂಡರ್‌ಸ್ಟ್ಯಾಂಡ್ ಹೌ ಯು ಫೀಲ್" ಅಂದೆ.

"ಏನಂದೆ?"

"ನಿಮ್ಮ ಸಂಕಟ ನನಗ ಅರ್ಥ ಆಗ್ತದ ಅಂದೆ."

"ಎಂಗೆ ಅರ್ಥ ಆಯ್ತು? ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ."

ಅಂದಿನಿಂದ ದಿನವೂ ಅಭ್ಯಾಸ. ಅಮ್ಮ ಒಂದು ಮಾತ್ರೆಗೂ ಸುಲಭವಾಗಿ ಒಪ್ಪುತ್ತಿರಲಿಲ್ಲ. ಒಪ್ಪುವ ಹಂತಕ್ಕೆ ಬಂದು, ನನ್ನ ಮುಖ ಅರಳಿದ ತಕ್ಷಣ, "ಊಹ್ಞೂಂ, ಬ್ಯಾಡ" ಎನ್ನುತ್ತಿದ್ದರು. ಹಾಗನ್ನುವುದರಲ್ಲಿ ಅವರಿಗೆ ವಿಪರೀತ ಖುಷಿ.

ಒಂದು ಭಾನುವಾರ ಎದೆನೋವಿನ ಪಾತ್ರ ಕೊಟ್ಟೆ. ಅದೇ ನಾನು ಮಾಡಿದ ತಪ್ಪು. ಅಮ್ಮ ತಮ್ಮ ಮನೆಯ ಜಗಲಿಯ ಮೇಲೆ ಕೂತು ಎದೆ ಹಿಡಿದುಕೊಂಡು, "ಅಯ್ಯಪ್ಪಾ, ಎದೆ ಇಂಡ್ತಾ ಐತಲ್ಲೋ" ಎಂದು ರಾಗ ತೆಗೆದರು. ಪಕ್ಕದ ಮನೆಯ ಬಾಗಿಲು ಧಡಾರನೆ ತೆರೆಯಿತು. ಅದು ಅವರ ಓರಗಿತ್ತಿಯ ಮನೆ. ನಡುವಿನ ಕಾಂಪೌಂಡ್ ಗೋಡೆಯ ವಿಷಯಕ್ಕೆ ಇಬ್ಬರಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಆಕೆ ಹಿಟ್ಟಿನ ಕೈಯಲ್ಲೇ ಓಡಿಬಂದು, "ಅಕ್ಕಾ, ಏನಾಯ್ತಕ್ಕಾ" ಎಂದು ಅಮ್ಮನ ಅಂಗಾಲು ಉಜ್ಜತೊಡಗಿದರು. ಕಣ್ಣಲ್ಲಿ ನೀರು.

ನಾನು ನಿಜ ಹೇಳಲು ಬಾಯಿ ತೆರೆದೆ. ಅಮ್ಮ ಒಂದು ಕಣ್ಣು ತೆರೆದು ನನ್ನನ್ನು ಗುರಾಯಿಸಿ, ಮತ್ತೆ ಮುಚ್ಚಿಕೊಂಡು, ನರಳಾಟವನ್ನು ಇನ್ನಷ್ಟು ಜೋರು ಮಾಡಿದರು.

ಓರಗಿತ್ತಿ ಆಟೋ ಕರೆದೇಬಿಟ್ಟರು. ಇಬ್ಬರ ನಡುವೆ ಅಮ್ಮ. ಆಟೋ ಹೊರಟದ್ದು ನಾನು ಕೆಲಸ ಮಾಡುವ ಆಸ್ಪತ್ರೆಯ ಕಡೆಗೇ. ಸುಳ್ಳು ಎದೆನೋವಿನ ರೋಗಿಯನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಇಳಿಸಿದರೆ ಇಂಗ್ಲೆಂಡಿನ ಲೈಸೆನ್ಸ್ ಹಾಗಿರಲಿ, ಇರುವ ಕೆಲಸವೂ ಹೋಗುತ್ತದೆ ಎಂದು ನಾನು ಬೆವರುತ್ತಿದ್ದೆ. ಹೊಸೂರು ರಸ್ತೆಯ ಜಾಮಿನಲ್ಲಿ ಆಟೋ ನಿಂತಿತು. ಹಾರನ್ ಹೊಡೆಯುವಂತೆ ಓರಗಿತ್ತಿ ಡ್ರೈವರನ್ನು ಗದರಿಸುತ್ತಿದ್ದಾಗ ನಾನು ಮೆಲ್ಲಗೆ ಅಮ್ಮನನ್ನು ಕೇಳಿದೆ: "ಅಮ್ಮಾರ, ನೋವು ಹತ್ತಕ್ಕ ಎಷ್ಟು ಐತ್ರಿ?"

ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಎಷ್ಟು ಅಂದ್ರೆ ವಾಪಸ್ ಓಗಬೌದು?"

ನಾನು ನಾಡಿ ಹಿಡಿದು, ಗಂಭೀರವಾಗಿ ಕಣ್ಣು ಮುಚ್ಚಿ, "ಇದು ಗ್ಯಾಸು" ಎಂದು ಘೋಷಿಸಿದೆ.

ಆಟೋ ತಿರುಗಿಸಿದೆವು. ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಲ್ಲಿಸಿ ಮೂವರೂ ಜೀರಾ ಸೋಡಾ ಕುಡಿದೆವು. ಅಮ್ಮ ಎರಡೇ ಗುಟುಕಿಗೆ ಗುಣವಾದರು. ಓರಗಿತ್ತಿ ಬಾಟಲಿ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಆಟೋ ಅತ್ತುವಾಗ್ಲೇ ನಂಗೊತ್ತಾಯ್ತು ಕಣಕ್ಕ. ಸಾಯೋರು ಯಾರಾದ್ರೂ ಮೊಣಕೈನಾಗೆ ತಿವಿದು ಜಾಗ ಮಾಡ್ಕೋತಾರಾ?"

"ಗೊತ್ತಾಗಿದ್ರೆ ಇಳಿಬೇಕಿತ್ತು" ಎಂದರು ಅಮ್ಮ.

"ಇಳಿದ್ರೆ ಇನ್ಯಾವಾಗ ಮಾತಾಡ್ತಿದ್ದೆ ನನ್ ಜೊತೆ?"

ಅಮ್ಮ ಬಾಟಲಿ ಖಾಲಿ ಮಾಡಿ ಗೋಡೆಯ ಮಾತೆತ್ತಿದರು. ಮನೆ ತಲುಪುವವರೆಗೂ ಇಬ್ಬರೂ ಅದೇ ಗೋಡೆಯ ಬಗ್ಗೆ ಜಗಳವಾಡಿದರು.

ಮರುದಿನ ನಾನು ಡ್ಯೂಟಿ ಮುಗಿಸಿ ಬಂದಾಗ ಜಗಲಿಯ ಮೇಲೆ ಇಬ್ಬರೂ ಕಾಯುತ್ತಿದ್ದರು. ಓರಗಿತ್ತಿ ಹೇಳಿದರು: "ಬ್ರದರು, ನಂಗೂ ಒಂದು ಕಾಯಿಲೆ ಕೊಡಪ್ಪ. ಅಕ್ಕಂಗಿಂತ ದೊಡ್ಡದಿರ್ಲಿ."

ಪರೀಕ್ಷೆಯ ದಿನ ರೋಗಿಯಾಗಿ ಎದುರು ಕುಳಿತಿದ್ದ ಮೇಡಂ ಬಹಳ ಸೌಮ್ಯ. ಮೈಗ್ರೇನ್ ಅಂತೆ. ನಾನು ಮೊದಲು ಬಾಯಿಮುಚ್ಚಿ ಅವರ ಮಾತು ಪೂರ್ತಿ ಕೇಳಿದೆ. ಆಮೇಲೆ ಎರಡು ಮಾತು ಹೇಳಿದೆನೋ ಇಲ್ಲವೋ, ಎಲ್ಲಕ್ಕೂ ಒಪ್ಪಿಬಿಟ್ಟರು. ಯಾವುದೋ ಮೋಸವಿರಬೇಕೆಂದು ನನಗೆ ಗುಮಾನಿ. "ನಿಜವಾಗಿ ತಗೋತೀರಾ? ಮನೆಯಲ್ಲಿ ಯಾರಾದರೂ ಬೇಡ ಅಂದರೆ?" ಎಂದು ಇಂಗ್ಲಿಷಿನಲ್ಲಿ ಕೆದಕಿ ಕೆದಕಿ ಕೇಳಿದೆ. ಮೇಡಂ ನಗು ತಡೆದುಕೊಂಡದ್ದು ಕಾಣಿಸಿತು.

ಪಾಸಾದೆ. ಸುದ್ದಿ ಕೇಳಿ ಅಮ್ಮ ಕೇಳಿದ್ದು ಒಂದೇ: ಆ ಹೆಂಗಸಿಗೆ ಯಾವ ಕಾಯಿಲೆ? ಬರೀ ತಲೆನೋವು ಎಂದಾಗ ಓರಗಿತ್ತಿಯತ್ತ ತಿರುಗಿ, "ಅದೂ ಒಂದು ಕಾಯಿಲೇನಾ" ಎಂದು ಮೂಗು ಮುರಿದರು.

ಕೊನೆಯ ಪರೀಕ್ಷೆ ಇಂಗ್ಲೆಂಡಿನಲ್ಲೇ ನಡೆಯಿತು. ಕೈ ತೊಳೆಯುವುದರಿಂದ ಹಿಡಿದು ಬ್ಯಾಂಡೇಜ್ ಕಟ್ಟುವವರೆಗೆ, ಇಷ್ಟು ವರ್ಷ ಮಾಡಿದ್ದನ್ನೇ ಹೊಸಬನಂತೆ ಮಾಡಿ ತೋರಿಸಿದೆ. ಲೈಸೆನ್ಸ್ ಬಂದ ದಿನ ಅಮ್ಮನಿಗೆ ಫೋನ್ ಮಾಡಿದರೆ, "ಅಲ್ಲಿ ಚಳಿ ಜಾಸ್ತಿಯಂತೆ, ಕಿವಿ ಮುಚ್ಕೊಂಡು ಓಡಾಡಪ್ಪ" ಎಂದರು. ಹಿಂದಿನಿಂದ ಓರಗಿತ್ತಿ ಫೋನ್ ಕಸಿಯಲು ನೋಡುತ್ತಿದ್ದುದು ಕೇಳಿಸುತ್ತಿತ್ತು.