ಬಾನೆಟ್ಟಿನ ಆ ಕಡೆ

ಮ್ಯಾನ್ಸ್‌ಫೀಲ್ಡಿನಲ್ಲಿ ಡೆಲ್ಬರ್ಟ್ ಕೂಂಬ್ಸ್‌ನಷ್ಟು ಮೊಂಡ ಇನ್ನೊಬ್ಬ ಸಿಗಲಾರ, ಬೇಕಾದರೆ ಹುಡುಕಿ ನೋಡಿ. ಮೂವತ್ತೊಂದು ವರ್ಷ ಕಾರ್ಖಾನೆಯ ಪ್ರೆಸ್ಸಿನ ಮುಂದೆ ನಿಂತು ಕಾರುಗಳ ಬಾಗಿಲು, ಬಾನೆಟ್ಟು ಒತ್ತಿದವನು. ಕಾರು ಅಂದರೆ ಉಕ್ಕು, ಫೈಬರ್ ಅಂದರೆ ಗಂಜಿ ಹಾಕಿದ ಬಟ್ಟೆ ಎಂದು ಮೂಗು ಮುರಿಯುತ್ತಿದ್ದ. ಅಂಥವನ ಸ್ವಂತ ಕಾರಿಗೆ ಇದ್ದದ್ದು ಮಾತ್ರ ಫೈಬರ್ ಬಾನೆಟ್ಟೇ. ಅರವತ್ತೊಂಬತ್ತನೇ ಇಸವಿಯ ಹಳದಿ ಪ್ಲಿಮತ್ ಕಾರು, ಅದಕ್ಕೆ ಕಾಡಿಗೆಗಪ್ಪು ಬಾನೆಟ್ಟು. ಕಂಪನಿಯವರೇ ಹಾಗೆ ಮಾಡಿ ಬಿಟ್ಟಿದ್ದರು. ಮಡಚಿ ತೆರೆಯಲು ಹಿಂದೆ ಕೀಲು ಇಲ್ಲ, ನಾಲ್ಕು ಮೂಲೆಗೆ ನಾಲ್ಕು ಪಿನ್ನು ಅಷ್ಟೇ. ಪಿನ್ನು ಕಿತ್ತು, ಈ ಕಡೆ ಒಬ್ಬರು ಆ ಕಡೆ ಒಬ್ಬರು ಹಿಡಿದು, ಇಡಿಯಾಗಿ ಎತ್ತಿ ಪಕ್ಕಕ್ಕೆ ಇಡಬೇಕು. ಎಂಜಿನ್ನಿನ ಎಣ್ಣೆ ನೋಡುವುದಕ್ಕೂ ಇಬ್ಬರು ಬೇಕು.

ಆ ಎರಡನೆಯವಳು ಅವನ ಹೆಂಡತಿ ಗ್ಲೆಂಡಾ. ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವಳು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದು ಆ ಕಡೆ ನಿಲ್ಲುತ್ತಿದ್ದಳು. ಮಕ್ಕಳಾಗಲಿಲ್ಲ. ಶನಿವಾರಗಳು ಆ ಕಾರಿನ ಸುತ್ತಲೇ ಕಳೆದವು. ನಿನ್ನನ್ನಲ್ಲ, ನಿನ್ನ ಬಾನೆಟ್ಟನ್ನ ಕಟ್ಟಿಕೊಂಡೆ ಎಂದು ಗೊಣಗುವಳು, ಆದರೂ ಬರುವಳು. ಮೂವತ್ತೆರಡು ವರ್ಷ ಹೀಗೇ ನಡೆಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಗ್ಲೆಂಡಾ ಕಾಫಿ ಸೋಸುತ್ತಿದ್ದವಳು ಹಾಗೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಬಂದವರ ಕೈಯನ್ನೆಲ್ಲ ಡೆಲ್ಬರ್ಟ್ ಕುಲುಕಿದ, ಟೈ ಸರಿಮಾಡಿಕೊಂಡ, ಯಾರೋ ಬೇಯಿಸಿ ತಂದ ಹುರುಳಿಕಾಯಿ ಕ್ಯಾಸರೋಲಿನ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಟ್ಟ. ಒಂದು ಹನಿ ಕಣ್ಣೀರು ಬರಲಿಲ್ಲ. ಗ್ಲೆಂಡಾಳ ಅಕ್ಕ ಮ್ಯಾಕ್ಸೀನ್ ಪಕ್ಕದ ಬೀದಿಯವಳು, ನಾಲಿಗೆಗೆ ಬೀಗ ಇಲ್ಲದವಳು. ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನರ ಎದುರಿಗೇ ಅಂದುಬಿಟ್ಟಳು: "ಇವನ ಕಾರಿಗೆ ಒಂದು ಗೀರು ಬಿದ್ದಿದ್ರೆ ನೋಡ್ಬೇಕಿತ್ತು, ಗೋಳೋ ಅಂತ ಅಳ್ತಿದ್ದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅವಳು ಅವನ ಮನೆಗೆ ಬರಲಿಲ್ಲ, ಇವನೂ ಅವಳ ಬಾಗಿಲು ತಟ್ಟಲಿಲ್ಲ.

ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಬೇರೆ ಯಾರದೋ ಎನ್ನುವ ಹಾಗೆ ಜೋಲುತ್ತದಲ್ಲ, ಬೇಸಿಗೆಯುದ್ದಕ್ಕೂ ಡೆಲ್ಬರ್ಟ್‌ನ ಇಡೀ ಮೈ ಹಾಗಿತ್ತು. ಉಂಡ, ಮಲಗಿದ, ಹುಲ್ಲು ಕತ್ತರಿಸಿದ. ದುಃಖವೂ ಇಲ್ಲ, ಏನೂ ಇಲ್ಲ. ಸೆಪ್ಟೆಂಬರಿನಲ್ಲಿ ಕಾರು ತಿಂಗಳುಗಟ್ಟಲೆ ನಿಂತಿದೆಯಲ್ಲ, ಬ್ಯಾಟರಿ ನೋಡೋಣ ಎಂದು ಶೆಡ್ಡಿಗೆ ಹೋದ. ಪಿನ್ನು ಕಿತ್ತ. ಬಾನೆಟ್ಟಿನ ಎದುರು ನಿಂತು, ಎರಡೂ ಕೈ ಅಗಲ ಮಾಡಿ, ಒಬ್ಬನೇ ಎತ್ತಿದ. ಅರವತ್ತೇಳು ವರ್ಷದ ಮೊಂಡನಿಗೆ ಇಷ್ಟೂ ಬುದ್ಧಿ ಬೇಡವೇ? ಭಾರವೇನೋ ಇರಲಿಲ್ಲ, ಅಗಲ ಇತ್ತು. ಒಂದು ಕೊನೆ ಜಾರಿ ಸಿಮೆಂಟು ನೆಲಕ್ಕೆ ಬಡಿಯಿತು, ನಡುವಿನ ಉಬ್ಬಿನ ಉದ್ದಕ್ಕೂ ಸೀಳಿತು.

ಡೆಲ್ಬರ್ಟ್ ಅಲ್ಲೇ ನಿಂತು ಕಾದ. ಈಗ ಅಳು ಬಂದರೆ ಮ್ಯಾಕ್ಸೀನ್ ಹೇಳಿದ್ದು ನಿಜವಾಗುತ್ತಿತ್ತು. ಹತ್ತು ನಿಮಿಷ ಕಾದರೂ ಬರಲಿಲ್ಲ. ಕಾರಿಗೂ ಅಳದವನು ಎಂದು ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಆ ಸಮಾಧಾನಕ್ಕೆ ಹೇಸಿಗೆಯಾಯಿತು. ಮನೆಯೊಳಗೆ ಹೋಗಿ ಬ್ರೆಡ್ಡಿನ ನಡುವೆ ಬಲೋನಿ ಮಾಂಸದ ಹೋಳು ಇಟ್ಟು ತಿಂದ.

ಸೀಳಿದ್ದನ್ನು ಅಂಟಿಸಿದರೆ ಎಂಜಿನ್ನಿನ ಕಾವಿಗೆ ಮತ್ತೆ ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೊಸದೇ ಬೇಕು. ಅಕ್ಟೋಬರಿನಲ್ಲಿ ಪಿಕಪ್ಪು ತೆಗೆದುಕೊಂಡು ಬ್ಯುಸೈರಸ್ ಊರಿನ ದಾರಿಯಲ್ಲಿರುವ ಕರ್ಟಿಸ್‌ನ ಹತ್ತಿರ ಹೋದ. ಈ ಕರ್ಟಿಸ್ ನಲವತ್ತರ ಆಸಾಮಿ. ಅಪ್ಪನ ಕೋಳಿ ಶೆಡ್ಡಿನಲ್ಲಿ ಅಚ್ಚಿಗೆ ಗಾಜಿನೆಳೆಯ ಬಟ್ಟೆ ಹಾಸಿ, ರಾಳ ಬಳಿದು, ಹಳೇ ಕಾರುಗಳಿಗೆ ಫೈಬರ್ ಬಾನೆಟ್ಟು ಮಾಡಿಕೊಡುತ್ತಿದ್ದ. ಮರದ ಸ್ಟ್ಯಾಂಡುಗಳ ಮೇಲೆ ಮೂರು ಬಾನೆಟ್ಟು ಇಟ್ಟು, ನೋಡಿ ಯಜಮಾನ್ರೆ ಎಂದು ದೂರ ನಿಂತ.

ಡೆಲ್ಬರ್ಟ್ ನೋಡಿದ. ಮಗ್ಗುಲಿಗೆ ಕೂತು, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು, ಕಿಟಕಿಯ ಬೆಳಕು ಮೈಮೇಲೆ ಹೇಗೆ ಓಡುತ್ತದೆ ಎಂದು ಪರೀಕ್ಷಿಸಿದ. ಮೊದಲನೆಯದರ ಮೇಲೆ ಬೆಳಕು ನಡುಗಿತು. ಬಟ್ಟೆಯ ಪದರ ಕಮ್ಮಿ, ಎರಡು ಬೇಸಿಗೆಗೆ ಅಲೆ ಏಳುತ್ತದೆ ಎಂದ. ಕರ್ಟಿಸ್ ಒಪ್ಪಿಕೊಂಡ, ಅದು ರೇಸಿನವರಿಗೆ ಎಂದ. ಎರಡನೆಯದಕ್ಕೆ ಬೆರಳ ಗೆಣ್ಣಿನಿಂದ ಬಡಿದ, ಒಳಗೆ ಉಕ್ಕಿನ ಪಟ್ಟಿ ಕೂರಿಸಿದ ಗಟ್ಟಿ ಸದ್ದು. ಹಿಂಬದಿಯಲ್ಲಿ ಕೀಲು ಕೂರಿಸಲು ಜಾಗ ಇತ್ತು. ಒಂದು ಕೈಯಲ್ಲಿ ಎತ್ತಿದರೆ ತಾನಾಗಿ ನಿಲ್ಲುತ್ತದೆ. ಮೂರನೆಯದು ಕಂಪನಿಯದರ ತದ್ರೂಪ. ಕೀಲು ಇಲ್ಲ, ಪಿನ್ನಿಗೆ ನಾಲ್ಕು ತೂತು. ಕೆಲಸದಲ್ಲಿ ಕೊನೆಯ ಎರಡೂ ಒಂದಕ್ಕೊಂದು ಸಮ, ಅಂಚು ನೇರ, ಕೊಂಕಿಲ್ಲ.

ಈಗೆಲ್ಲ ಕೀಲಿನದನ್ನೇ ಒಯ್ಯುತ್ತಾರೆ, ಹಳೇ ಕಾರುಗಳ ಪ್ರದರ್ಶನಕ್ಕೆ ನಿಲ್ಲಿಸುವವರು ಮಾತ್ರ ಪಿನ್ನಿನದು ಕೇಳುತ್ತಾರೆ, ವಯಸ್ಸಾದವರಿಗೆ ಕೀಲೇ ಸುಖ ಎಂದು ಕರ್ಟಿಸ್ ಬಿಡಿಸಿ ಹೇಳಿದ. ಡೆಲ್ಬರ್ಟ್ ಕೂಡ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದ. ಕೀಲಿನದನ್ನು ತೋರಿಸಲು ಕೈ ಎತ್ತಿಯೂ ಇದ್ದ.

ಅಷ್ಟರಲ್ಲಿ ಕರ್ಟಿಸ್ ಕೇಳಿದ: "ಪಿನ್ನಿನದಾದ್ರೆ ಆ ಕಡೆ ಹಿಡಿಯೋಕೆ ಮನೇಲಿ ಇನ್ನೊಬ್ರು ಬೇಕಲ್ಲ. ಯಾರಾದ್ರೂ ಇದ್ದಾರಾ?"

"ಇದ್ದಾಳೆ," ಅಂದ ಡೆಲ್ಬರ್ಟ್.

ಬಾಯಿ ತಾನಾಗಿ ಆಡಿದ ಮಾತು. ಐದು ತಿಂಗಳಾದರೂ ನಾಲಿಗೆಗೆ ಸುದ್ದಿ ತಲುಪಿರಲಿಲ್ಲ. ಹಾಗಿದ್ರೆ ಚಿಂತೆ ಇಲ್ಲ ಬಿಡಿ ಎಂದು ಕರ್ಟಿಸ್ ನಕ್ಕು ಪಿನ್ನಿನದರ ಮೇಲೆ ಕೈಯಿಟ್ಟ. ಈಗ ಕೀಲಿನದು ಕೊಡು ಅನ್ನಬೇಕಾದರೆ ಆಡಿದ ಮಾತನ್ನು ತಿದ್ದಬೇಕಿತ್ತು. ಇಲ್ಲ, ಇಲ್ಲ, ಅವಳು ಸತ್ತಳು, ನಾನೊಬ್ಬನೇ ಎಂದು ಆ ಕೋಳಿ ಶೆಡ್ಡಿನಲ್ಲಿ, ಗುರುತಿಲ್ಲದವನ ಎದುರಿಗೆ, ಬಾಯಿಬಿಟ್ಟು ಹೇಳಬೇಕಿತ್ತು. ಡೆಲ್ಬರ್ಟ್‌ಗೆ ಆಗಲಿಲ್ಲ. ಪಿನ್ನಿನದನ್ನೇ ಕೊಂಡ. ಇಬ್ಬರೂ ಸೇರಿ ಪಿಕಪ್ಪಿಗೆ ಏರಿಸಿ, ಹಳೇ ರಜಾಯಿ ಸುತ್ತಿ, ಹಗ್ಗ ಬಿಗಿದರು. ಮನೆಯವರಿಗೆ ನಮಸ್ಕಾರ ತಿಳಿಸಿ ಎಂದ ಕರ್ಟಿಸ್, ಪಾಪ. ಡೆಲ್ಬರ್ಟ್ ತಲೆಯಾಡಿಸಿದ.

ಒಂಬತ್ತು ದಿನ ಆ ಬಾನೆಟ್ಟು ಪಿಕಪ್ಪಿನಲ್ಲೇ ಇತ್ತು. ಶೆಡ್ಡಿನಲ್ಲಿ ಪ್ಲಿಮತ್ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಎಡಗಡೆ ಮನೆಯ ಮುದುಕನನ್ನೋ ಕಾರ್ಖಾನೆಯ ಹಳೇ ಗೆಳೆಯರನ್ನೋ ಕರೆದರೆ ಓಡಿ ಬರುತ್ತಿದ್ದರು. ಬಂದವರು ಸುಮ್ಮನಿರುತ್ತಾರೆಯೇ? ಒಬ್ಬನಿಗೆ ಇಂಥದ್ದು ಯಾಕೆ ತಂದೆ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಏನು ಉತ್ತರ ಕೊಡುವುದು? ಊರೆಲ್ಲ ಹುಡುಕಿದರೂ ಉತ್ತರ ಕೊಡಬೇಕಾಗಿಲ್ಲದ ಜೀವ ಒಂದೇ. ಅವನನ್ನು ಆಗಲೇ ಮನುಷ್ಯರ ಲೆಕ್ಕದಿಂದ ತೆಗೆದುಹಾಕಿದ್ದವಳು. ಅವಳ ಹತ್ತಿರ ಹೋಗಲು ಮಾನವೇನೂ ಉಳಿದಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಹೋಗಿ ಮ್ಯಾಕ್ಸೀನಳ ಬಾಗಿಲು ತಟ್ಟಿದ. ಅವಳು ಜಾಲರಿ ಬಾಗಿಲ ಆಚೆಯಿಂದಲೇ, ಏನು ಎಂದಳು.

"ಹೊಸ ಬಾನೆಟ್ ತಂದಿದೀನಿ. ಆ ಕಡೆ ಹಿಡ್ಕೊಳ್ಳೋಕೆ ಒಬ್ರು ಬೇಕು."

"ಊರಲ್ಲಿ ಗಂಡಸ್ರೆಲ್ಲ ಸತ್ತೋದ್ರಾ?"

"ಅವ್ರಿಗೆಲ್ಲ ಹೇಳ್ಬೇಕಾಗತ್ತೆ."

ಏನನ್ನು ಎಂದು ಮ್ಯಾಕ್ಸೀನ್ ಕೇಳಲಿಲ್ಲ. ಮನೆಯುಡುಗೆಯ ಮೇಲೇ ಸ್ವೆಟರ್ ಹಾಕಿಕೊಂಡು, ಕೈಚೀಲ ತೆಗೆದುಕೊಂಡು, ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಪಿಕಪ್ಪಿನಿಂದ ಇಳಿಸಿ ಶೆಡ್ಡಿಗೆ ತಂದರು. ಅವಳು ತಂಗಿಗಿಂತ ಗಿಡ್ಡ, ಎಪ್ಪತ್ತು ದಾಟಿದವಳು. ಕಾರಿನ ಎತ್ತರಕ್ಕೆ ಬಂದಾಗ ತೋಳು ನಡುಗಿತು, ಆದರೂ ಬಿಡಲಿಲ್ಲ. ಬಾನೆಟ್ಟಿನ ತೂತಿಗೆ ಕಾರಿನ ಮೂಲೆಯ ಪಿನ್ನು-ಕಡ್ಡಿಗಳನ್ನು ಹೊಂದಿಸಲು ಮೂರು ಸಲ ಪ್ರಯತ್ನ ಬೇಕಾಯಿತು. ನಾಲ್ಕು ಪಿನ್ನೂ ಕೂತವು. ಸಂದು ಎರಡೂ ಕಡೆ ಸಮ ಬಂತು. ಡೆಲ್ಬರ್ಟ್ ಥ್ಯಾಂಕ್ಸ್ ಎಂದ. ಮ್ಯಾಕ್ಸೀನ್ ಹೊರಡಲಿಲ್ಲ. ಏದುಸಿರು ಬಿಡುತ್ತ ಹೆಗಲು ಉಜ್ಜಿಕೊಂಡಳು.

"ಅವಳಿಗೆ ಹೆಗಲು ನೋವು ಶುರುವಾದಾಗ ಕೀಲು ಹಾಕಿಸ್ತೀನಿ ಅಂದಿದ್ಯಂತೆ ನೀನು. ಹೌದಾ?"

ಹೌದು, ಅಂದಿದ್ದ. ಹದಿನೇಳೋ ಹದಿನೆಂಟೋ ವರ್ಷದ ಹಿಂದೆ. ಬೇಡ, ಕಂಪನಿಯವರು ಹೇಗೆ ಕೊಟ್ಟರೋ ಹಾಗೇ ಇರಲಿ ಎಂದಿದ್ದಳು ಗ್ಲೆಂಡಾ. ಅವಳಿಗೂ ಕಾರಿನ ಮೇಲೆ ಅಷ್ಟು ಪ್ರೀತಿ ಎಂದು ಅವತ್ತು ಇವನಿಗೆ ಹೆಮ್ಮೆಯಾಗಿತ್ತು. ಹಾಗಂತ ಮ್ಯಾಕ್ಸೀನಳಿಗೆ ಹೇಳಿದ.

"ಪ್ರೀತಿಯಂತೆ, ಮಣ್ಣು! ಕಾರು ಕಂಡ್ರೆ ಅವಳಿಗೆ ಆಗ್ತಿರ್ಲಿಲ್ಲ ಕಣೋ. ನನ್ನ ಅಡುಗೆಮನೇಲಿ ಕೂತ್ಕೊಂಡು ಹೇಳಿದ್ಲು. 'ಕೀಲು ಹಾಕಿಸಿಬಿಟ್ರೆ ಅವನು ನನ್ನನ್ನ ಕರೆಯೋದೇ ಇಲ್ಲ ಮ್ಯಾಕ್ಸೀನ್. ಬೇರೆ ಯಾವುದಕ್ಕೂ ಕರೆಯಲ್ಲ ಅವನು' ಅಂತ."

ಡೆಲ್ಬರ್ಟ್ ನೆನಪಿಸಿಕೊಳ್ಳಲು ನೋಡಿದ. ಊಟಕ್ಕೆ ಅವಳೇ ಕರೆಯುತ್ತಿದ್ದಳು. ಚರ್ಚಿಗೆ ಅವಳೇ ಹೊರಡಿಸುತ್ತಿದ್ದಳು. ತಾನಾಗಿ ಅವಳನ್ನು ಕರೆದದ್ದು, ಅವಳು ಹೇಳಿದ್ದು ಸರಿ, ಈ ಬಾನೆಟ್ಟಿಗೆ ಮಾತ್ರ. ಅದಕ್ಕಾಗಿ ಅವಳು ನೋಯುವ ಹೆಗಲಿನಲ್ಲಿ ಅಷ್ಟು ವರ್ಷ ಎತ್ತಿದ್ದಳು. ಅಳು ಈಗಲೂ ಬರಲಿಲ್ಲ. ಬಾನೆಟ್ಟಿನ ಅಂಚು ಹಿಡಿದ ಕೈ ಮಾತ್ರ ಬಿಡಲೊಲ್ಲದು.

"ಇನ್ನೊಂದ್ ಸಲ ಎತ್ತೋಣ್ವಾ?" ಅಂದ.

"ಯಾಕೆ, ಸರಿ ಕೂತಿದ್ಯಲ್ಲ."

"ಸರಿ ಕೂತಿದೆ."

ಮ್ಯಾಕ್ಸೀನ್ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈಚೀಲವನ್ನು ನೆಲದ ಮೇಲಿಟ್ಟು, ಆ ಕಡೆಗೆ ಹೋಗಿ, ತನ್ನ ಕಡೆಯ ಎರಡು ಪಿನ್ನು ಕಿತ್ತಳು.