ಎಣ್ಣೆ ಸಿಗದ ಬಾವಿಯ ಊಟ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಭಾರತೀಯ ಅಂಗಡಿಗಳ ಬೀದಿಯಾದ ಹಿಲ್‌ಕ್ರಾಫ್ಟ್‌ನಲ್ಲಿ ದಿನಸಿ ಕೊಳ್ಳುವುದು ನನ್ನ ನಿಯಮ. ಮೊನ್ನೆ ಅಂಗಡಿಯಿಂದ ಹೊರಬಂದಾಗ ಪಕ್ಕದ ಹೋಟೆಲಿನಿಂದ ಜಿಲೇಬಿ ಕರಿಯುವ ವಾಸನೆ ಬಂತು. ಚೀಲ ಕಾರಿನಲ್ಲಿಟ್ಟು ಹೊರಡಬೇಕಿದ್ದವನು ಹಾಗೇ ನಿಂತೆ. ನಮ್ಮ ಸಾಹೇಬರು ನೆನಪಾದರು...

ಹ್ಯೂಸ್ಟನ್ನಿನ ಸಣ್ಣ ಎಣ್ಣೆ ಕಂಪನಿಯೊಂದರಲ್ಲಿ ಅವರು ನಮ್ಮ ತಂಡದ ಮುಖ್ಯಸ್ಥರು. ಧಾರವಾಡದ ಕಡೆಯವರು. ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಕಡಲಡಿಯ ಕಲ್ಲಿನ ಪದರಗಳ ಚಿತ್ರ ನೋಡಿ ಎಲ್ಲಿ ಎಣ್ಣೆ ಇದ್ದೀತೆಂದು ಅಂದಾಜು ಮಾಡುವುದು ನಮ್ಮ ಕೆಲಸ. ಅಂದಾಜು ತಪ್ಪುವುದೇ ಹೆಚ್ಚು. ಬಾವಿ ಕೊರೆದು ಏನೂ ಸಿಗದ ದಿನ ಸಾಹೇಬರು ಎಲ್ಲರನ್ನೂ ಇದೇ ಹೋಟೆಲಿಗೆ ಕರೆತರುತ್ತಿದ್ದರು. ಅಮೆರಿಕನ್ನರಿಗೆ ಅದು ಬರೀ ಲಂಚ್. ನನಗೆ ಮಾತ್ರ ಕನ್ನಡದಲ್ಲಿ, "ಬಾವಿ ತೀರಿಕೊಂಡ್ತು. ಹದಿಮೂರನೇ ದಿನದ ಊಟಾ ಇವತ್ತ ಮುಗಸೂಣ್ರಿ," ಎನ್ನುತ್ತಿದ್ದರು. ಅಂಥ ಊಟಕ್ಕೆ ಸಿಹಿ ಬೇಕೇ ಬೇಕು, ಅದಕ್ಕೆ ಜಿಲೇಬಿ. ಊಟದ ಹೊತ್ತಿನಲ್ಲಿ ಬಾವಿಯ ಮಾತೆತ್ತುವಂತಿರಲಿಲ್ಲ. ಎಲ್ಲಿ ತಪ್ಪಿದೆವೆಂದು ಹುಡುಕುವುದು ಮರುದಿನ ಬೆಳಿಗ್ಗೆ. ಈ ಕ್ರಮ ನನಗೆ ಹಿಡಿಸಿತ್ತು.

ಕೊನೆಯ ಬಾವಿಯ ಜಾಗ ಅವರೇ ಗುರುತಿಸಿದ್ದು. ವರ್ಷಗಟ್ಟಲೆ ಮೇಲಿನವರ ಬೆನ್ನುಬಿದ್ದು ಒಪ್ಪಿಸಿದ್ದರು. ಇದೂ ಹೋದರೆ ಆಫ್ರಿಕಾದ ಕೆಲಸವನ್ನೇ ಮುಚ್ಚುವುದಾಗಿ ಕಂಪನಿ ಹೇಳಿತ್ತು. ಒಂದು ಬೆಳಿಗ್ಗೆ ಸುದ್ದಿ ಬಂತು. ಅವರು ಹೇಳಿದ ಆಳದಲ್ಲೇ ಎಣ್ಣೆ ಹಿಡಿದಿಡಬಲ್ಲ ಮರಳುಗಲ್ಲು ಸಿಕ್ಕಿತ್ತು. ಅದರ ತುಂಬ ಉಪ್ಪುನೀರು.

ಮಧ್ಯಾಹ್ನ ಎಂದಿನಂತೆ ಹೋಟೆಲಿಗೆ ಬಂದೆವು. ಬಡಿಸುವವನ ಕೈಯಿಂದ ತಟ್ಟೆ ತೆಗೆದುಕೊಂಡು ಅವರೇ ಎಲ್ಲರಿಗೂ ಜಿಲೇಬಿ ಹಾಕಿದರು. ತಾವು ಮುಟ್ಟಲಿಲ್ಲ. ನೀವೂ ತಗೊಳ್ಳಿ ಸಾರ್ ಎಂದೆ. ತಮ್ಮ ನಿಯಮವನ್ನು ಅವರು ಮುರಿದದ್ದು ಆಗ.

"ಕಲ್ಲಿನಾಗ ಎಣ್ಣೀ ಕಲೆ ಅದಾವಂತ್ರಿ. ಅಂದ್ರ ಎಣ್ಣೀ ಬಂದಿತ್ತು. ನಿಲ್ಲಲಿಲ್ಲ, ಸೋರಿ ಹೋತು. ನನ್ನ ಲೆಕ್ಕಾ ಪೂರಾ ಸುಳ್ಳಲ್ಲ, ನೋಡ್ರಿ."

ನಾನು ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ತಪ್ಪು ಹುಡುಕಲು ಯಾರೂ ಸೇರಲಿಲ್ಲ. ತಂಡವೇ ಉಳಿದಿರಲಿಲ್ಲ...

ಸಾಹೇಬರು ಆಸ್ಟಿನ್‌ನಲ್ಲಿದ್ದ ಮಗಳ ಮನೆಗೆ ಹೋದರು. ಹಬ್ಬಕ್ಕೊಮ್ಮೆ ಫೋನು, ಬರಬರುತ್ತ ಅದೂ ನಿಂತಿತು. ಹೋದ ಚಳಿಗಾಲದಲ್ಲಿ ತೀರಿಕೊಂಡರೆಂದು ತಿಂಗಳುಗಳ ಮೇಲೆ ಗೊತ್ತಾಯಿತು.

ಮೊನ್ನೆ ಮನೆಗೆ ಬಂದವನೇ ಆ ಮಗಳಿಗೆ ಫೋನ್ ಮಾಡಿದೆ. ಆ ಕೊನೆಯ ಊಟದ ಕಥೆಯನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಆಕೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತ ಹೋದಳು. ಆ ಬಾವಿಯ ವಿಷಯ ಅಪ್ಪ ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲವಂತೆ. ಹಾಗಾದರೆ ಅಪ್ಪನ ಅಂದಾಜು ಸರಿಯೋ ತಪ್ಪೋ ಅಂಕಲ್, ಎಂದು ಕೇಳಿದಳು.

"ನನಗೆ ಗೊತ್ತಿಲ್ಲಮ್ಮ," ಎಂದೆ. "ಆ ಮರುದಿನ ಬೆಳಿಗ್ಗೆ ಅವರನ್ನೇ ಕೇಳಬೇಕಾಗಿತ್ತು."