ಮಲ್ಲಮ್ಮ ಕೇಳಿದ ಗುರುತು

ಗೆಳೆಯರೇ, ಮನೆಗೆಲಸಕ್ಕೆಂದು ಇವತ್ತು ಬೆಳಿಗ್ಗೆ ಬಂದ ಮಲ್ಲಮ್ಮನನ್ನು ನಾನು ಮೊದಲು ಕೇಳಿದ್ದು ಆಧಾರ್ ಕಾರ್ಡ್. ಎಲೆಅಡಿಕೆ ಚೀಲದಿಂದ ತೆಗೆದುಕೊಟ್ಟು, "ಈಗ ನಿಮ್ದು ತೋರಸ್ರಿ, ಅಕ್ಕೋರ" ಎಂದರು.

"ನನ್ನದು ಯಾಕೆ?"

"ದಿನಾ ಒಬ್ಬಾಕಿನೇ ಬರಾಕಿ ನಾ. ನೀವು ಎಂಥಾ ಮಂದಿ ಅಂತ ನನಗೂ ತಿಳೀಬೇಕಲ್ರಿ?"

ನಾನು ಹುಟ್ಟಿ ಬೆಳೆದದ್ದು ಮಲೇಷ್ಯಾದಲ್ಲಿ. ಇರುವುದು ಅಲ್ಲಿಯ ಪಾಸ್‌ಪೋರ್ಟ್. ಮಲ್ಲಮ್ಮ ಅದನ್ನು ತಿರುವಿ ನೋಡಿ ವಾಪಸ್ಸು ಕೊಟ್ಟರು.

"ಇದು ಇರ್ಲಿ. ಶಹಾಪುರದಾಗ ನಿಮ್ಮನ್ನ ಬಲ್ಲವ್ರು ಯಾರ್ ಅದಾರ್ರಿ?"

ಈ ಊರಿಗೆ ಬಂದು ಹದಿನೈದು ದಿನವಾಯಿತು, ಒಂದು ಹೆಸರೂ ಹೊಳೆಯಲಿಲ್ಲ. ಮಲ್ಲಮ್ಮನನ್ನಾದರೆ ಇಡೀ ಓಣಿ ಬಲ್ಲದು. ಓಣಿಯಲ್ಲಿ ಯಾರನ್ನೂ ಕೇಳದೆ ನಾನು ಕಾರ್ಡು ಕೇಳಿದ್ದೆ.

"ಓಣ್ಯಾಗ ನಿಮ್ಮ ಬಗ್ಗೆ ವಿಚಾರಿಸಿ, ಕೆಲಸಕ್ಕ ಬರ್ತೀನೋ ಇಲ್ಲೋ ನಾಳಿಗಿ ಹೇಳ್ತೀನ್ರಿ" ಎಂದು ಹೋದರು.

ಸಂಜೆ ಎದುರುಮನೆಯವರನ್ನು ಮೊದಲ ಸಲ ಮಾತಾಡಿಸಿ ಬಂದಿದ್ದೇನೆ. ಮಲ್ಲಮ್ಮ ಕೇಳಿದರೆ ಅವರು ನನ್ನ ಬಗ್ಗೆ ಏನು ಹೇಳುತ್ತಾರೋ!